ಕೆರೆ ದಡಕ್ಕೂ ಟಿಕೆಟ್ಟು

ನಾಗವಾರ ಕೆರೆಗೆ ಮಕ್ಕಳನ್ನ ಕರ್ಕೊಂಡು ಹೋಗಿ ಟಿಕೆಟ್ ತಗೊಂಡಿದ್ದು ನಿಮ್ಮಲ್ಲೂ ಕೆಲವರಿಗೆ ನೆನಪಿರುತ್ತೆ. ಕೆರೆಗೆ ಟಿಕೆಟ್ ಎಲ್ಲಿಂದ ಬಂತು ಅಂತೀರಾ?

2002ರಲ್ಲಿ ಸರ್ಕಾರ ಕೆರೆ ಅಭಿವೃದ್ಧಿ ಪ್ರಾಧಿಕಾರ ಮಾಡ್ತು. ಆಮೇಲೆ ಹೆಬ್ಬಾಳ, ನಾಗವಾರ, ಅಗರ, ವೆಂಗಯ್ಯನಕೆರೆ ಇವನ್ನೆಲ್ಲ ಖಾಸಗಿಯವರಿಗೆ ಗುತ್ತಿಗೆ ಕೊಡೋಕೆ ಹೊರಟರು. ಕೆರೆ ಚೊಕ್ಕಟ ಮಾಡ್ತಾರೆ, ಖರ್ಚು ಅವರದ್ದೇ. ಕೇಳೋಕೆ ಚೆನ್ನಾಗೇ ಇತ್ತು ಬಿಡಿ. ಆದ್ರೆ ದುಡ್ಡು ಹಾಕಿದವರು ಹುಟ್ಟಿಸ್ಕೋಬೇಕಲ್ಲ? ಬೇಲಿ, ಗೇಟು, ದೋಣಿ, ತಿಂಡಿ ಅಂಗಡಿ. ನಾವಾದ್ರೂ ಯಾವಾಗ್ಲೋ ಒಂದಿನ ಹೋಗೋರು. ಹಸುವಿಗೆ ಹುಲ್ಲು ಕುಯ್ಯೋ ಹೆಂಗಸು, ಬಟ್ಟೆ ಒಗೆಯೋರು, ಬಲೆ ಬಿಡೋರು ದಿನಾ ಟಿಕೆಟ್ ತಗೊಂಡು ಒಳಗೆ ಹೋಗೋಕಾಗುತ್ಯೇ? ನನ್ನ ಕೇಳಿದ್ರೆ ಇಡೀ ಜಗಳ ಇಷ್ಟೇ ಕಣ್ರೀ.

2008ರಲ್ಲಿ ಲಿಯೋ ಸಲ್ಡಾನ ಮತ್ತವರ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್‌ನವರು ಹೈಕೋರ್ಟಿಗೆ ಹೋದ್ರು. ಹೊಸದಾಗಿ ಕೆರೆ ಗುತ್ತಿಗೆಗೆ ಕೊಡೋದಕ್ಕೆ ಕೋರ್ಟು ತಡೆ ಹಾಕ್ತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ಕೂತು ವರದಿ ಕೊಡ್ತು. 2012ರ ಏಪ್ರಿಲ್‌ನಲ್ಲಿ ತೀರ್ಪು ಬಂತು, ಪ್ರತಿ ಜಿಲ್ಲೆಗೂ ಕೆರೆ ಸಂರಕ್ಷಣಾ ಸಮಿತಿ ಆಗಬೇಕು ಅಂತ. ಬೆಂಗಳೂರಿನ ನಾಲ್ಕು ಕೆರೆ ಗೇಟಿಂದ ಶುರುವಾದ ಕೇಸು, ನೋಡಿ, ನಮ್ಮ ತವರೂರಿನ ಕೆರೆಗಳಿಗೂ ಮುಟ್ಟಿತು.