ನಾಯಿಗೆ ಮೂಳೆ ಕ್ಯಾನ್ಸರ್: ಕೀಮೋ ಬಳಿಕ ಯಾವ ದಿನ ಏನಾಗುತ್ತೆ? ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ?

ಸಾಕುನಾಯಿಗೆ ಮೂಳೆ ಕ್ಯಾನ್ಸರ್ ಇದೆ, ಕೀಮೋಥೆರಪಿ ಕೊಡಿಸಬಹುದು ಎಂದು ಪಶುವೈದ್ಯರು ಹೇಳಿದಾಗ ಮನೆಯವರ ಕಣ್ಮುಂದೆ ಬರುವುದು ಕೂದಲು ಉದುರಿದ ತಲೆ, ನಿಲ್ಲದ ವಾಂತಿ. ಈ ಭಯದಿಂದಲೇ ಚಿಕಿತ್ಸೆ ಬೇಡ ಎನ್ನುವವರಿದ್ದಾರೆ. ಆದರೆ ನಾಯಿಗಳಲ್ಲಿ ಕೀಮೋ ಅಡ್ಡ ಪರಿಣಾಮ ಸಾಮಾನ್ಯವಾಗಿ ಮನುಷ್ಯರಷ್ಟು ತೀವ್ರವಲ್ಲ. ಯಾವ ದಿನ ಏನಾಗಬಹುದು ಎಂದು ತಿಳಿದಿದ್ದರೆ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಕೀಮೋ ಏಕೆ ಬೇಕು?

ನಾಯಿಗಳ ಮೂಳೆ ಕ್ಯಾನ್ಸರ್‌ನಲ್ಲಿ ಹೆಚ್ಚಿನದು ಆಸ್ಟಿಯೋಸಾರ್ಕೋಮಾ. ಗ್ರೇಟ್ ಡೇನ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ತಳಿಗಳ ಕಾಲಿನ ಮೂಳೆಯಲ್ಲಿ ಇದು ಹೆಚ್ಚು. ರೋಗ ಪತ್ತೆಯಾಗುವ ಹೊತ್ತಿಗೆ ಶೇ.90ರಷ್ಟು ನಾಯಿಗಳಲ್ಲಿ ಕ್ಯಾನ್ಸರ್ ಕಣಗಳು ಶ್ವಾಸಕೋಶ ಮೊದಲಾದ ಕಡೆ ಹರಡಿರುತ್ತವೆ ಎನ್ನುತ್ತಾರೆ ತಜ್ಞರು. ಹಾಗಾಗಿ ಕಾಲು ತೆಗೆದರೆ ನೋವು ಹೋಗುತ್ತದೆ, ಆಯಸ್ಸು ಹೆಚ್ಚುವುದಿಲ್ಲ. ಶಸ್ತ್ರಚಿಕಿತ್ಸೆ ಮಾತ್ರ ಆದರೆ ಸರಾಸರಿ 4-5 ತಿಂಗಳು. ಕೀಮೋ ಜೊತೆಗಿದ್ದರೆ 10-12 ತಿಂಗಳು. ಗುರಿ ಪೂರ್ತಿ ಗುಣವಲ್ಲ, ನೆಮ್ಮದಿಯ ದಿನಗಳು. ಅದಕ್ಕೇ ಔಷಧದ ಪ್ರಮಾಣವನ್ನೂ ಮಿತವಾಗಿಡುತ್ತಾರೆ.

ದಿನಗಳ ಲೆಕ್ಕ ಹೀಗಿದೆ

ಹೆಚ್ಚಾಗಿ ಬಳಸುವ ಕಾರ್ಬೋಪ್ಲಾಟಿನ್ ಅನ್ನು ಸುಮಾರು 3 ವಾರಕ್ಕೊಮ್ಮೆ, 4ರಿಂದ 6 ಬಾರಿ ರಕ್ತನಾಳಕ್ಕೆ ಕೊಡುತ್ತಾರೆ.

* 2ರಿಂದ 5ನೇ ದಿನ: ವಾಂತಿ, ಭೇದಿ, ಊಟ ಬೇಡವೆನ್ನುವುದು, ಸುಸ್ತು. ಹೆಚ್ಚಿನ ನಾಯಿಗಳು ಒಂದೆರಡು ದಿನದಲ್ಲಿ ಸುಧಾರಿಸಿಕೊಳ್ಳುತ್ತವೆ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡಿರಿ. ಮೆತ್ತಗೆ ಬೇಯಿಸಿದ ಅನ್ನ, ಕೋಳಿ ಮಾಂಸ ಕೊಡಬಹುದು. ಹಸಿ ಮಾಂಸ ಬೇಡ.
* 7ರಿಂದ 14ನೇ ದಿನ: ಬಿಳಿ ರಕ್ತಕಣ ಇಳಿಯುವ ಸಮಯ. ಹೊರಗೆ ಏನೂ ಕಾಣದಿದ್ದರೂ ನಿಜವಾದ ಎಚ್ಚರ ಬೇಕಾದ್ದು ಈಗಲೇ. ಸೋಂಕು ತಗುಲಿದರೆ ಪ್ರಾಣಕ್ಕೇ ಕುತ್ತು.
* ಕೂದಲು: ಹೆಚ್ಚಿನ ತಳಿಗಳಲ್ಲಿ ಉದುರುವುದು ಕಡಿಮೆ. ಪೂಡಲ್, ಶಿಟ್ಜುವಿನಂತೆ ಕೂದಲು ಬೆಳೆಯುತ್ತಲೇ ಇರುವ ತಳಿಗಳಲ್ಲಿ ತೆಳುವಾಗಬಹುದು. ಮೀಸೆ ಉದುರಬಹುದು, ಮತ್ತೆ ಬರುತ್ತದೆ.

ಔಷಧ ಬೇರೆಯಾದರೆ ಅಪಾಯವೂ ಬೇರೆ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ, ಡಾಕ್ಸೋರುಬಿಸಿನ್ ಹೃದಯಕ್ಕೆ ಹಾನಿ ಮಾಡಬಲ್ಲದು. ನಿಮ್ಮ ನಾಯಿಗೆ ಕೊಡುತ್ತಿರುವುದು ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಪ್ರತಿ ಡೋಸ್‌ಗೆ ಮುನ್ನ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಇವು ಕಂಡರೆ ಬೆಳಗಿನವರೆಗೆ ಕಾಯಬೇಡಿ

* ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ. ನಾಯಿಯ ಸಹಜ ತಾಪಮಾನವೇ 101ರಿಂದ 102.5. ಮೂಗು ಮುಟ್ಟಿ ನೋಡಿದರೆ ಗೊತ್ತಾಗದು, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟೇ ನೋಡಬೇಕು.
* ಮೇಲಿಂದ ಮೇಲೆ ವಾಂತಿ, ರಕ್ತ ಬೆರೆತ ಭೇದಿ
* ಇಡೀ ದಿನ ಏನೂ ತಿನ್ನದಿದ್ದರೆ, ಏಳಲಾರದಷ್ಟು ನಿತ್ರಾಣವಾದರೆ

ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೇನ್ ಕೊಡಲೇಬೇಡಿ. ಇವು ನಾಯಿಗೆ ವಿಷವಾಗಬಹುದು. ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂದು ಮೊದಲ ಡೋಸ್‌ ದಿನವೇ ಕೇಳಿಕೊಳ್ಳಿ.

ಮನೆಯವರ ಸುರಕ್ಷತೆ

ಔಷಧದ ಅಂಶ ಮೂತ್ರ, ಮಲ, ವಾಂತಿಯಲ್ಲಿ ಹೊರಬರುತ್ತದೆ. ಮೊದಲ 3 ದಿನ ಗ್ಲೌಸ್ ಹಾಕಿಯೇ ಸ್ವಚ್ಛಗೊಳಿಸಿ, ಗಲೀಜಾದ ಬಟ್ಟೆ ಬೇರೆಯಾಗಿ ಒಗೆಯಿರಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು ಇದನ್ನು ಮುಟ್ಟಬಾರದು. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಮಕ್ಕಳು ಆಡುವ ಜಾಗಕ್ಕೆ ನಾಯಿಯನ್ನು ಕರೆದೊಯ್ಯಬೇಡಿ. ನಾಯಿಯನ್ನು ಮುದ್ದಿಸಲು ಮಾತ್ರ ಅಡ್ಡಿಯಿಲ್ಲ.

ನಿಲ್ಲಿಸಬಹುದೇ?

ಖಂಡಿತ. ಡೋಸ್ ಕಡಿಮೆ ಮಾಡಬಹುದು, ಅಂತರ ಹೆಚ್ಚಿಸಬಹುದು, ಔಷಧ ಬದಲಿಸಬಹುದು. ಊಟ, ನಿದ್ದೆ, ವಾಕಿಂಗ್ ಉತ್ಸಾಹವನ್ನು ಕ್ಯಾಲೆಂಡರ್‌ನಲ್ಲಿ ದಿನವೂ ಗುರುತು ಮಾಡಿ. ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳೇ ಹೆಚ್ಚಾದರೆ ಅದನ್ನು ವೈದ್ಯರ ಮುಂದಿಟ್ಟು ಮಾತಾಡಿ. ಆಗ ಕೀಮೋ ನಿಲ್ಲಿಸಿ ನೋವು ನಿವಾರಣೆಗಷ್ಟೇ ಗಮನ ಕೊಡುವುದೂ ಸರಿಯಾದ ಚಿಕಿತ್ಸೆಯೇ.