ಎದೆಯ ಗಂಟೆ: ಪೇಸ್‌ಮೇಕರ್ ನಮ್ಮೂರಿಗೆ ಬಂದ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಶಾಲೆಯ ಗಂಟೆ. ಈ ಶಾಲೆಯಲ್ಲಿ ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ವಿಜ್ಞಾನ ಶಿಕ್ಷಕನಾಗಿ ಆ ಗಂಟೆಯ ಲೆಕ್ಕದಲ್ಲೇ ಬದುಕಿದವನು ನಾನು. ಅದು ಕಂಚಿನ ಗಂಟೆಯೇನಲ್ಲ, ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡು. ಅದನ್ನು ಹೊಡೆಯುತ್ತಿದ್ದ ಜವಾನರನ್ನು ಮಕ್ಕಳೆಲ್ಲ ‘ಗಂಟೆಯಣ್ಣ’ ಎಂದೇ ಕರೆಯುತ್ತಿದ್ದೆವು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಗಂಟೆ ಎರಡು ಏಟು ಬಿದ್ದು ನಿಂತುಹೋಯಿತು. ಓಡಿಹೋಗಿ ನೋಡಿದರೆ ಗಂಟೆಯಣ್ಣ ಮರದ ಕೆಳಗೆ ಬಿದ್ದಿದ್ದರು. ಮುಖ ಬಿಳಿಚಿಕೊಂಡಿತ್ತು. ಯಾರೋ ಕೈಗೆ ಬೀಗದ ಕೈ ಗೊಂಚಲು ಕೊಟ್ಟರು, ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಅರ್ಧ ನಿಮಿಷದಲ್ಲಿ ಅವರು ಕಣ್ಣು ಬಿಟ್ಟು, “ಏನಿಲ್ಲ ಕಣ್ರಪ್ಪ, ಕಣ್ಣು ಕತ್ಲೆ ಬಂತು, ಅಷ್ಟೆಯ” ಎನ್ನುತ್ತಾ ಎದ್ದು ಉಳಿದ ಏಟುಗಳನ್ನು ಹೊಡೆದರು. ಆ ವರ್ಷ ನಾಲ್ಕೈದು ಸಲ ಹಾಗೆ ಬಿದ್ದರು. ಪಿತ್ತ ಎಂದರು, ಮೂರ್ಛೆರೋಗ ಎಂದರು, ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಬೇಸಿಗೆ ರಜದಲ್ಲಿ ಗದ್ದೆಯ ಬದುವಿನ ಮೇಲೆ ಬಿದ್ದವರು ಮತ್ತೆ ಏಳಲಿಲ್ಲ. ಆಗ ಅವರಿಗೆ ಐವತ್ತೆರಡು ವರ್ಷ.

ಆ ಕೈಗೆ ಬೀಗದ ಕೈ ಕೊಟ್ಟವರಿದ್ದರು. ಆ ಕೈಯ ನಾಡಿ ಹಿಡಿದು ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ. ಅವರದು ಹೃದಯದ ಕಾಯಿಲೆಯೇ ಎಂದು ಇಂದು ಸಾಧಿಸಿ ತೋರಿಸಲಾಗದು. ಆದರೆ ಕಂಡ ಲಕ್ಷಣಗಳೆಲ್ಲ ಅದರವೇ. ನಲವತ್ತು ವರ್ಷಗಳ ನಂತರ ನಾನೂ ಹಾಗೆಯೇ ಬಿದ್ದೆ, ಆದರೆ ಬದುಕಿಕೊಂಡೆ. ಈ ಎರಡು ಘಟನೆಗಳ ನಡುವಿನ ಚರಿತ್ರೆಯನ್ನು ಹೇಳುವುದು ಈ ಲೇಖನದ ಉದ್ದೇಶ.

ಎದೆಯೊಳಗಿನ ಗಂಟೆ

ನಮ್ಮ ಹೃದಯದಲ್ಲೂ ಒಬ್ಬ ಗಂಟೆಯಣ್ಣನಿದ್ದಾನೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಒಂದು ಚಿಕ್ಕ ಗಂಟು ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸಂಜ್ಞೆ ಹೊರಡಿಸುತ್ತದೆ. ಆ ಸಂಜ್ಞೆ ಹೃದಯದ ನಡುವಿನ ಇನ್ನೊಂದು ಗಂಟನ್ನು ಹಾದು ಕೆಳಗಿನ ಹೃತ್ಕುಕ್ಷಿಗಳನ್ನು ತಲುಪಿದಾಗ ಅವು ಸಂಕುಚಿಸಿ ರಕ್ತವನ್ನು ದೂಡುತ್ತವೆ. ತರಗತಿಯಲ್ಲಿ ನಾನು ಹೀಗೆ ಹೇಳಿಕೊಡುತ್ತಿದ್ದೆ: ಗಂಟೆಯಣ್ಣ ನಿಧಾನವಾದರೆ ನಾಡಿ ನಿಧಾನವಾಗುತ್ತದೆ. ಗಂಟೆ ಬಾರಿಸಿದರೂ ಆಚೆ ಕಟ್ಟಡಕ್ಕೆ ಕೇಳದಿದ್ದರೆ ಅದು ‘ಹಾರ್ಟ್ ಬ್ಲಾಕ್’. ನೂರು ಹುಡುಗರು ಒಟ್ಟಿಗೆ ತಟ್ಟೆ ಬಡಿದು ಯಾವ ಪೀರಿಯಡ್ಡು ಎಂದೇ ತಿಳಿಯದಂತಾದರೆ ಅದು ‘ಏಟ್ರಿಯಲ್ ಫಿಬ್ರಿಲೇಶನ್’.

ಇಲ್ಲಿ ಒಂದು ಗೊಂದಲ ನಿವಾರಿಸಬೇಕು. ನಮ್ಮೂರುಗಳಲ್ಲಿ ರಕ್ತನಾಳ ಕಟ್ಟಿಕೊಂಡರೂ ‘ಬ್ಲಾಕ್ ಆಗಿದೆ’ ಎನ್ನುತ್ತಾರೆ. ಅದು ನೀರಿನ ಪೈಪು ಕಟ್ಟಿದಂತೆ, ಅದಕ್ಕೆ ಸ್ಟೆಂಟ್ ಹಾಕುತ್ತಾರೆ. ನಾನು ಹೇಳುತ್ತಿರುವುದು ಕರೆಂಟಿನ ವೈರು ಕೆಟ್ಟಂತೆ, ಅದಕ್ಕೆ ಪೇಸ್‌ಮೇಕರ್ ಬೇಕು.

ಬೆರಳಿನಿಂದ ಯಂತ್ರದವರೆಗೆ

ಪದೇಪದೇ ಬೀಳುವುದಕ್ಕೂ ನಿಧಾನದ ನಾಡಿಗೂ ಸಂಬಂಧವಿದೆ ಎಂದು ಐರ್ಲೆಂಡಿನ ಡಬ್ಲಿನ್ ನಗರದ ಇಬ್ಬರು ವೈದ್ಯರು ಬರೆದಿಟ್ಟರು. 1827ರಲ್ಲಿ ರಾಬರ್ಟ್ ಆಡಮ್ಸ್, 1846ರಲ್ಲಿ ವಿಲಿಯಂ ಸ್ಟೋಕ್ಸ್. ಅವರ ಬಳಿ ಇ.ಸಿ.ಜಿ. ಯಂತ್ರವಿರಲಿಲ್ಲ. ಬಿದ್ದವರ ನಾಡಿಯನ್ನು ಬೆರಳಿನಿಂದ ಹಿಡಿದು ಎಣಿಸಿದ್ದರು, ಅಷ್ಟೆ. ಹೃದಯದ ನಡುವಿನ ಗಂಟನ್ನು 1906ರಲ್ಲಿ ಜಪಾನಿನ ಸುನಾವೊ ತವಾರ ವಿವರಿಸಿದರು. ಮೇಲಿನ ಗಂಟನ್ನು ಕಂಡವನು ಮಾರ್ಟಿನ್ ಫ್ಲಾಕ್ ಎಂಬ ಇಂಗ್ಲೆಂಡಿನ ವೈದ್ಯ ವಿದ್ಯಾರ್ಥಿ. ಬಿಲ ತೋಡುವ ‘ಮೋಲ್’ ಎಂಬ ಪುಟ್ಟ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಅದು ಅವನ ಕಣ್ಣಿಗೆ ಬಿತ್ತು. 1907ರಲ್ಲಿ ಗುರು ಆರ್ಥರ್ ಕೀತ್ ಜೊತೆ ಸೇರಿ ಅದನ್ನು ಪ್ರಕಟಿಸಿದ. ವಿದ್ಯಾರ್ಥಿಗಳು ಈ ಮಾತನ್ನು ಗಮನಿಸಬೇಕು.

ಅದೇ ಕಾಲದಲ್ಲಿ ಹಾಲೆಂಡಿನ ವಿಲ್ಲೆಮ್ ಐಂತೋವನ್ ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ರೂಪಿಸಿದರು. ಅದರ ತೂಕ ಸುಮಾರು 270 ಕಿಲೋ. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಬೇಕಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯಲಾಗದೆ, ಒಂದೂವರೆ ಕಿಲೋಮೀಟರ್ ದೂರದ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ಹೃದಯದ ಸಂಜ್ಞೆಯನ್ನು ಕಳಿಸಿದರು. ಈ ಸಾಧನೆಗೆ 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಕಾಯಿಲೆ ಏನೆಂದು ತಿಳಿಯಿತು, ಚಿಕಿತ್ಸೆ ಬರಲು ಇನ್ನೂ ಕಾಯಬೇಕಾಯಿತು. 1952ರಲ್ಲಿ ಅಮೆರಿಕದ ಪಾಲ್ ಝೋಲ್ ಎದೆಯ ಹೊರಗಿನಿಂದ ವಿದ್ಯುತ್ ಕೊಟ್ಟು ಹೃದಯವನ್ನು ಬಡಿಯುವಂತೆ ಮಾಡಿದರು. ಆ ಯಂತ್ರ ಗೋಡೆಯ ಪ್ಲಗ್ಗಿಗೆ ಕಟ್ಟುಬಿದ್ದಿತ್ತು. 1957ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್ ನಗರದಲ್ಲಿ ಕರೆಂಟು ಹೋಯಿತು. ಕರೆಂಟು ಹೋಗುವುದೆಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಲ್ಲಿ ಹೃದಯ ಶಸ್ತ್ರಚಿಕಿತ್ಸೆಯಾಗಿ ಇಂಥ ಯಂತ್ರಗಳನ್ನೇ ನಂಬಿದ್ದ ಮಕ್ಕಳಿದ್ದರು. ಶಸ್ತ್ರವೈದ್ಯ ವಾಲ್ಟನ್ ಲಿಲ್ಲೆಹೈ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಅರ್ಲ್ ಬಾಕನ್ ಅವರನ್ನು ಬ್ಯಾಟರಿಯಿಂದ ನಡೆಯುವುದೊಂದನ್ನು ಮಾಡಿಕೊಡಲು ಕೇಳಿದರು. ಬಾಕನ್ ಸಂಗೀತದವರು ಲಯಕ್ಕೆ ಇಟ್ಟುಕೊಳ್ಳುವ ಎಲೆಕ್ಟ್ರಾನಿಕ್ ಉಪಕರಣದ ಸರ್ಕ್ಯೂಟನ್ನು ಒಂದು ಪತ್ರಿಕೆಯಲ್ಲಿ ನೋಡಿ, ನಾಲ್ಕೇ ವಾರದಲ್ಲಿ ಅಂಗೈಯಗಲದ ಪೇಸ್‌ಮೇಕರ್ ತಯಾರಿಸಿದರು.

ಮರುವರ್ಷ ಅದು ದೇಹದೊಳಗೇ ಹೋಯಿತು. ಸ್ವೀಡನ್ನಿನ ಅರ್ನೆ ಲಾರ್ಸನ್‌ಗೆ ಆಗ 43 ವರ್ಷ, ದಿನಕ್ಕೆ ಇಪ್ಪತ್ತು ಮೂವತ್ತು ಸಲ ಪ್ರಜ್ಞೆ ತಪ್ಪುತ್ತಿತ್ತು. ಅವರ ಹೆಂಡತಿ ಬಿಡದೆ ಬೆನ್ನು ಹತ್ತಿ ವೈದ್ಯರನ್ನು ಒಪ್ಪಿಸಿದರು. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚಾಗಿಸಿ ಯಂತ್ರವನ್ನು ಎರಕ ಹೊಯ್ದರು. 1958ರ ಅಕ್ಟೋಬರ್ 8ರಂದು ಓಕೆ ಸೆನ್ನಿಂಗ್ ಅದನ್ನು ಅಳವಡಿಸಿದರು. ಮೊದಲನೆಯದು ಕೆಲವೇ ಗಂಟೆ ಕೆಲಸ ಮಾಡಿತು, ಕೂಡಲೇ ಇನ್ನೊಂದನ್ನು ಹಾಕಿದರು. ಲಾರ್ಸನ್ ಜೀವಮಾನದಲ್ಲಿ 26 ಪೇಸ್‌ಮೇಕರ್ ಹಾಕಿಸಿಕೊಂಡು, ಆ ಎಂಜಿನಿಯರ್ ಮತ್ತು ವೈದ್ಯರಿಬ್ಬರಿಗಿಂತ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡರು. 1970ರ ದಶಕದಲ್ಲಿ ಲಿಥಿಯಂ ಬ್ಯಾಟರಿ ಬಂದ ಮೇಲೆ ಯಂತ್ರದ ಆಯಸ್ಸು ಬಹಳ ಹೆಚ್ಚಿತು.

ಅಂದರೆ ನಮ್ಮ ಗಂಟೆಯಣ್ಣ ಬೇವಿನ ಮರದ ಕೆಳಗೆ ಬಿದ್ದಾಗ ಜಗತ್ತಿನಲ್ಲಿ ಪೇಸ್‌ಮೇಕರ್ ಬಂದು ಹದಿನೆಂಟು ವರ್ಷ ಕಳೆದಿತ್ತು. ಅದು ನಮ್ಮ ಬೇವಿನ ಮರದವರೆಗೆ ಬಂದಿರಲಿಲ್ಲ.

ನಮ್ಮ ಸೀಮೆಗೆ ಬಂದ ದಾರಿ

ಆಗ ಪಾಂಡವಪುರದ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಹೃದಯದ ಕಾಯಿಲೆ ಎಂದರೆ ಬೆಂಗಳೂರು. ಅಲ್ಲಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಬೆಳೆದು ಬನ್ನೇರುಘಟ್ಟ ರಸ್ತೆಗೆ ಬಂದ ಜಯದೇವ ಹೃದ್ರೋಗ ಸಂಸ್ಥೆ ಬಡವರಿಗೂ ಈ ಚಿಕಿತ್ಸೆಯನ್ನು ಹತ್ತಿರ ತಂದಿತು. ಆದರೂ ಕಬ್ಬಿನ ಬಟವಾಡೆ ಕಾಯುತ್ತಾ ಕೂತ ರೈತನಿಗೆ ಖರ್ಚಿನ ಮಾತೇ ಎದೆ ಒಡೆಸುತ್ತಿತ್ತು. 2003ರಲ್ಲಿ ನಮ್ಮ ಜಿಲ್ಲೆಯವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಬಂತು. ಮುಂದೆ ಸರ್ಕಾರದ ಇತರ ಆರೋಗ್ಯ ಯೋಜನೆಗಳೂ ಬಂದವು. 2010ರಲ್ಲಿ ಜಯದೇವ ಸಂಸ್ಥೆಯ ಶಾಖೆ ಮೈಸೂರಿನಲ್ಲಿ ತೆರೆಯಿತು. 2018ರಲ್ಲಿ ಕೆ.ಆರ್.ಎಸ್. ರಸ್ತೆಯಲ್ಲಿ ಅದರ ಸ್ವಂತ ಕಟ್ಟಡ ಎದ್ದಿತು. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಹೃದಯಾಘಾತಕ್ಕೆ ಏನು ಮಾಡಬೇಕೆಂದು ಹೇಳುತ್ತಾರೆ. ಐಂತೋವನ್ನರ ಟೆಲಿಫೋನ್ ತಂತಿ ನಮ್ಮ ತಾಲ್ಲೂಕಿಗೆ ಬರಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ನನ್ನ ಸರದಿ

ಗಂಟೆಯಣ್ಣ ಹೋದ ನೆನಪಿನಲ್ಲಿ ನಾನು ಪ್ರತಿ ವರ್ಷ ಮಕ್ಕಳಿಂದ ಪೂರ್ತಿ ಒಂದು ನಿಮಿಷ ನಾಡಿ ಎಣಿಸುತ್ತಿದ್ದೆ. 2017ರಲ್ಲಿ ಒಂದು ದಿನ ಪಾಠ ಮಾಡುತ್ತಿದ್ದಾಗಲೇ ಕಣ್ಣು ಕತ್ತಲಾಯಿತು. ಎಚ್ಚರವಾದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು ನನ್ನ ಮಣಿಕಟ್ಟು ಹಿಡಿದಿದ್ದಳು. “ಸಾ, ಮೂವತ್ತಾರೇ ಬತ್ತಾ ಐತೆ” ಎಂದಳು. ಆ ಒಂದು ಸಂಖ್ಯೆಯಿಂದಾಗಿ ಸಹೋದ್ಯೋಗಿಗಳು ನನಗೆ ನಿಂಬೆಹಣ್ಣಿನ ಪಾನಕ ಕೊಟ್ಟು ಮನೆಗೆ ಕಳಿಸಲಿಲ್ಲ, ಆಸ್ಪತ್ರೆಗೆ ಕರೆದೊಯ್ದರು. ಇ.ಸಿ.ಜಿ.ಯಲ್ಲಿ ಪೂರ್ಣ ಹಾರ್ಟ್ ಬ್ಲಾಕ್ ಎಂದು ಬಂತು. 108 ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೋದೆ. ಆ ರಾತ್ರಿ ತಾತ್ಕಾಲಿಕ ತಂತಿ ಹಾಕಿದರು. ಮಾತ್ರೆಗಳಿಂದಲೋ ರಕ್ತದ ಲವಣದ ಏರುಪೇರಿನಿಂದಲೋ ಹೀಗಾಗಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಶಾಶ್ವತ ಪೇಸ್‌ಮೇಕರ್ ಅಳವಡಿಸಿದರು.

ಎದೆ ಸೀಳುವ ಆಪರೇಷನ್ ಅಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎಡ ಹೆಗಲಿನ ಮೂಳೆಯ ಕೆಳಗೆ ಚರ್ಮದಡಿ ಯಂತ್ರವಿಟ್ಟು, ರಕ್ತನಾಳದ ಮೂಲಕ ತಂತಿಯನ್ನು ಹೃದಯಕ್ಕೆ ಇಳಿಸುತ್ತಾರೆ. ನಾನು ಮಾತಾಡುತ್ತಲೇ ಇದ್ದೆ.

ಊರಿನವರು ಇಂದಿಗೂ ಕೇಳುವ ಪ್ರಶ್ನೆಗಳಿಗೆ ಇಲ್ಲೇ ಉತ್ತರಿಸುತ್ತೇನೆ. ಮೊದಲ ತಿಂಗಳು, ಒಂದೂವರೆ ತಿಂಗಳು ಆ ಕೈಯನ್ನು ಹೆಗಲಿಗಿಂತ ಮೇಲೆತ್ತಬಾರದು, ಭಾರ ಹೊರಬಾರದು. ಆಮೇಲೆ ಹೊಲದ ಕೆಲಸ, ನಡಿಗೆ, ಪ್ರಯಾಣ ಎಲ್ಲವೂ ಆಗುತ್ತದೆ. ಮಿಕ್ಸಿ, ಟಿ.ವಿ.ಯಿಂದ ತೊಂದರೆಯಿಲ್ಲ. ಮೊಬೈಲನ್ನು ಎಡ ಜೇಬಿನಲ್ಲಿಡದೆ ಬಲ ಕಿವಿಗೆ ಹಿಡಿಯುತ್ತೇನೆ. ವೆಲ್ಡಿಂಗ್ ನಡೆಯುವಲ್ಲಿ ನಿಲ್ಲುವುದಿಲ್ಲ, ಓಡುತ್ತಿರುವ ಎಂಜಿನ್ ಮೇಲೆ ಬಾಗುವುದಿಲ್ಲ. ಎಂ.ಆರ್.ಐ. ಎಂದರೆ ಮೊದಲು ಪೇಸ್‌ಮೇಕರ್ ಕಾರ್ಡ್ ತೋರಿಸುತ್ತೇನೆ. ಡಾಕ್ಟರು ಹೇಳಿದ ದಿನ ತಪಾಸಣೆಗೆ ಹೋಗುತ್ತೇನೆ. ಬ್ಯಾಟರಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ, ನನ್ನದರ ಲೆಕ್ಕ ಹತ್ತಿರ ಬರುತ್ತಿದೆ. ಇನ್ನೊಂದು ಮಾತು, ಮನೆಯವರಿಗೆ: ದಹನ ಮಾಡುವ ಪದ್ಧತಿಯಿದ್ದರೆ ಮೊದಲೇ ಯಂತ್ರವನ್ನು ತೆಗೆಸಬೇಕು. ಬೆಂಕಿಯಲ್ಲಿ ಅದು ಸಿಡಿಯುತ್ತದೆ. ನನ್ನ ಮಗನಿಗೆ ಇದನ್ನು ಹೇಳಿಟ್ಟಿದ್ದೇನೆ.

ಎಲ್ಲ ತಾಳತಪ್ಪಿಗೂ ಪೇಸ್‌ಮೇಕರ್ ಬೇಕಿಲ್ಲ. ಬಾಲ್ಯದ ಕೀಲುಜ್ವರದಿಂದ ಕವಾಟ ಕೆಟ್ಟವರಲ್ಲಿ, ವಯಸ್ಸಾದವರಲ್ಲಿ ನಾಡಿ ಅಡ್ಡಾದಿಡ್ಡಿ ಓಡಿದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಅವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಮುಖ್ಯ. ಹುಷಾರಾಯಿತೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು.

ಮೂರ್ಛೆರೋಗದವರು ಎದ್ದ ಮೇಲೆ ಬಹಳ ಹೊತ್ತು ಮಂಕಾಗಿರುತ್ತಾರೆ. ನಾಡಿ ನಿಂತು ಬಿದ್ದವರು ಬೇಗನೆ ಎದ್ದು “ಏನಿಲ್ಲ” ಎನ್ನುತ್ತಾರೆ. ಆ “ಏನಿಲ್ಲ” ಎಂಬ ಮಾತನ್ನು ನಂಬಬೇಡಿ. ಅವರ ನಾಡಿ ಎಣಿಸಿ, ಅದು ಸರಿಯಿದ್ದರೂ ಒಂದು ಇ.ಸಿ.ಜಿ. ಮಾಡಿಸಿ.

ಈಗ ಶಾಲೆಯಲ್ಲಿ ಕರೆಂಟಿನ ಬೆಲ್ ಇದೆ. ಕರೆಂಟು ಹೋದ ದಿನ ಇಂದಿಗೂ ಆ ಕಂಬಿಯನ್ನೇ ಬಾರಿಸುತ್ತಾರೆ. ಆ ಸದ್ದು ಕೇಳಿದಾಗ ಪ್ರತಿ ತರಗತಿಯ ಮಕ್ಕಳೂ ಒಮ್ಮೆ ತಮ್ಮ ನಾಡಿ ಎಣಿಸಲಿ, ಮನೆಗೆ ಹೋಗಿ ಅಜ್ಜ ಅಜ್ಜಿಯರದ್ದನ್ನೂ ಎಣಿಸಲಿ. ಗಂಟೆಯಣ್ಣನಿಗೆ ನಾವು ಸಲ್ಲಿಸಬೇಕಾದ ಬಾಕಿ ಅದು. ಐವತ್ತು ತುಂಬಿದ ನಮ್ಮ ಶಾಲೆ ನೂರು ತುಂಬಲಿ ಎಂದು ಹಾರೈಸುತ್ತೇನೆ.