ಪಕ್ಷಪಾತ: ಮೀನಿನ ಲೆಕ್ಕದಲ್ಲಿ

ಪಕ್ಷಪಾತ (ನಾ.): ಅಂಪೈರ್ ಮೇಲೆ, ಅತ್ತೆಯ ಮೇಲೆ ಸಲೀಸಾಗಿ ಹೊರಿಸುವ ಈ ಆರೋಪ ಮೀನು ಎಣಿಸುವ ಕಂಪ್ಯೂಟರ್ ಮಾದರಿಗಳನ್ನೂ ಬಿಟ್ಟಿಲ್ಲ. ಸಂಸ್ಕೃತದಲ್ಲಿ ‘ಪಕ್ಷ’ ಎಂದರೆ ರೆಕ್ಕೆ, ಮಗ್ಗುಲು. ‘ಪಾತ’ ಎಂದರೆ ಬೀಳುವಿಕೆ. ಹಕ್ಕಿಯ ಗರಿ ಉದುರುವುದಕ್ಕೂ ಹಿಂದೆ ಇದೇ ಹೆಸರಿತ್ತು. ಒಂದು ಕಡೆಗೆ ವಾಲುವ ಅರ್ಥವೇ ತೆಲುಗಿನ ‘ಪಕ್ಷಪಾತಂ’, ಹಿಂದಿ, ಮರಾಠಿಗಳ ‘ಪಕ್ಷಪಾತ್’ನಲ್ಲೂ ಉಳಿದಿದೆ. ಇಂಗ್ಲಿಷಿನ ‘ಬಯಾಸ್’ ಬಂದದ್ದು ಓರೆ ಎಂಬರ್ಥದ ಫ್ರೆಂಚ್ ಪದದಿಂದ.

ಸಂಖ್ಯಾಶಾಸ್ತ್ರದ ಪಕ್ಷಪಾತಕ್ಕೆ ದುರುದ್ದೇಶ ಬೇಕಿಲ್ಲ. ಅದನ್ನು ಪತ್ತೆಹಚ್ಚಲು ಸಂಶೋಧಕರು ಕಂಪ್ಯೂಟರಿನೊಳಗೆ ಎಣಿಕೆ ಮೊದಲೇ ಗೊತ್ತಿರುವ ಕೃತಕ ಮೀನುಸಂಕುಲ ಸೃಷ್ಟಿಸಿ, ಬಲೆಗೆ ಬಿದ್ದವುಗಳ ಲೆಕ್ಕವನ್ನಷ್ಟೇ ಅಂದಾಜಿನ ಮಾದರಿಗೆ ಕೊಡುತ್ತಾರೆ. ಸಾವಿರ ಸಲ ಓಡಿಸಿದಾಗ ಉತ್ತರ ಸರಾಸರಿಯಲ್ಲಿ ಒಂದೇ ಕಡೆಗೆ ತಪ್ಪಿದರೆ ಅದು ಪಕ್ಷಪಾತ. ನಿಜದ ಸುತ್ತ ಅತ್ತಿತ್ತ ಚದುರಿದರೆ ಬರೀ ಅನಿಶ್ಚಿತತೆ. ಎರಡನ್ನೂ ‘ದೋಷ’ ಎಂದೇ ಬರೆಯುವುದುಂಟು; ನನಗದು ಒಪ್ಪಿಗೆಯಿಲ್ಲ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿಯ ‘ಕಾಡ್’ ಮೀನಿನ ಅಂದಾಜುಗಳು 1980ರ ದಶಕದಲ್ಲಿ ಹೀಗೆ ಹೆಚ್ಚಿನ ಕಡೆಗೇ ವಾಲಿದ್ದವು. ಸಂಖ್ಯೆ ಕುಸಿದರೂ ಉಳಿದ ಮೀನುಗಳು ಗುಂಪುಗೂಡುತ್ತಿದ್ದವು. ಹಡಗುಗಳು ಆ ಗುಂಪುಗಳನ್ನೇ ಹುಡುಕಿ ಹೋಗುತ್ತಿದ್ದರಿಂದ ಬಲೆ ತುಂಬುತ್ತಲೇ ಇತ್ತು, ಮಾದರಿ ಅದನ್ನು ನಂಬಿತು. 1992ರ ಜುಲೈನಲ್ಲಿ ಸರ್ಕಾರ ಅಲ್ಲಿನ ವಾಣಿಜ್ಯ ಕಾಡ್ ಮೀನುಗಾರಿಕೆಯನ್ನೇ ನಿಷೇಧಿಸಿತು.